ಏರ್‌ಪೋರ್ಟಿನಲ್ಲಿ ನನ್ನ ಪಾಲು

ಕೊಲ್ಲಿ ದೇಶದಲ್ಲೂ ಸಿಂಗಾಪುರದಲ್ಲೂ ಹದಿಮೂರು ವರ್ಷ ದುಡಿದು, ಕೋವಿಡ್ ಮುಗಿದ ಮರುವರ್ಷ ಶಿರಸಿಯಲ್ಲಿ ಸ್ವಂತ ಆಫೀಸು ತೆರೆದೆ. ಬೋರ್ಡಿನ ಮೇಲೆ ‘ಅಂತಾರಾಷ್ಟ್ರೀಯ ಅನುಭವದ ಆರ್ಕಿಟೆಕ್ಟ್’ ಎಂದು ನಾನೇ ಬರೆಸಿದ್ದು. ಅಲ್ಲಿ ಏನು ಕಟ್ಟಿದಿರಿ ಎಂದು ಯಾರು ಕೇಳಿದರೂ ‘ಏರ್‌ಪೋರ್ಟ್’ ಎನ್ನುತ್ತಿದ್ದೆ.

ಪೂರ್ತಿ ಸುಳ್ಳಲ್ಲ. ದೊಡ್ಡ ಕಂಪನಿಗಳಲ್ಲಿ ಒಂದು ಕಟ್ಟಡವನ್ನು ಹಲವು ತಂಡಗಳಿಗೆ ಹಂಚುತ್ತಾರೆ. ಒಬ್ಬರಿಗೆ ಚಾವಣಿ, ಇನ್ನೊಬ್ಬರಿಗೆ ಮೆಟ್ಟಿಲು. ನನ್ನ ಪಾಲಿಗೆ ಬಂದದ್ದು ಶೌಚಾಲಯ, ಕೊನೆಯವರೆಗೂ ಅದೇ. ಎಷ್ಟು ಪ್ರಯಾಣಿಕರಿಗೆ ಎಷ್ಟು ಕಮೋಡು, ಹೆಂಗಸರ ಸಾಲು ಎಲ್ಲಿಯವರೆಗೆ ಬೆಳೆಯುತ್ತದೆ, ಬಾಗಿಲು ತೆರೆದರೆ ಹೊರಗಿನವರಿಗೆ ಏನೇನು ಕಾಣುತ್ತದೆ, ಇಷ್ಟೇ ನನ್ನ ವಿದ್ಯೆ. ಹೆಣ್ಣು ನೋಡಲು ಯಲ್ಲಾಪುರಕ್ಕೆ ಹೋದಾಗಲೂ ಮಾವನ ಮುಂದೆ ಏರ್‌ಪೋರ್ಟ್ ಎಂದೇ ಹೇಳಿ ಗಂಭೀರವಾಗಿ ಚಹಾ ಕುಡಿದು ಬಂದವನು ನಾನು.

ಆ ಬೇಸಿಗೆಯಲ್ಲಿ ಚಿಕ್ಕಮ್ಮ ಆಫೀಸಿಗೆ ಬಂದಳು. ಅವಳು ಸಿದ್ದಾಪುರದ ಕಡೆಯ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ.

“ಹೆಣ್ಣು ಹುಡ್ರು ಹೋಪಲೆ ಸರಿ ಜಾಗ ಇಲ್ಲೆ ಹೇಳಿ ದಿನವಿಡೀ ನೀರೇ ಕುಡಿತ್ವಿಲ್ಲೆ. ಹಳೇ ವಿದ್ಯಾರ್ಥಿಗಳು ಶೌಚಾಲಯ ಕಟ್ಟಿಸಿಕೊಡ್ತ್ವಡ. ನಿಂಗೆ ಸಣ್ಣ ಕೆಲ್ಸ, ಆದ್ರೂ ಒಂದು ನಕ್ಷೆ ಹಾಕ್ಕೊಡ್ತ್ಯನ?”

ಆಫೀಸಿನಲ್ಲಿ ಬೇರೆ ಇಬ್ಬರು ಗಿರಾಕಿಗಳು ಕೂತಿದ್ದರು. “ಅದು ಯನ್ನ ಲೈನ್ ಅಲ್ದೇ ಚಿಕ್ಕಮ್ಮಾ. ಮೇಸ್ತ್ರಿಗೆ ಹೇಳು, ಮಾಡ್ತ” ಎಂದುಬಿಟ್ಟೆ. ಅವಳು ತಪ್ಪು ತಿಳಿಯಲಿಲ್ಲ. ತಾನೇ ಸಣ್ಣದನ್ನು ಕೇಳಿದೆ ಎಂಬಂತೆ ನಕ್ಕು ಹೊರಟಳು.

ಜೂನಿನಲ್ಲಿ ಶಾಲೆ ಶುರುವಾದಾಗ, ಮೇಸ್ತ್ರಿ ಕಟ್ಟಿದ ಶೌಚಾಲಯದ ಉದ್ಘಾಟನೆಗೆ ಕರೆದದ್ದೂ ನನ್ನನ್ನೇ. ‘ಏರ್‌ಪೋರ್ಟ್ ಕಟ್ಟಿದವರು’ ಎಂದು ಪರಿಚಯಿಸಿ ಶಾಲು ಹೊದಿಸಿದರು. ಟೇಪು ಕತ್ತರಿಸಿ ಬಾಗಿಲು ತೆರೆದೆ. ಬಾಗಿಲಿದ್ದದ್ದು ನೇರ ಆಟದ ಮೈದಾನಕ್ಕೆ ಎದುರಾಗಿ. ಅಲ್ಲಿ ನಿಂತ ಗಂಡುಹುಡುಗರಿಗೆಲ್ಲ ಒಳಗಿನ ಕೊನೆಯ ಗೋಡೆಯವರೆಗೂ ಕಾಣುತ್ತಿತ್ತು. ಮುಂದೆ ಒಂದು ಅಡ್ಡಗೋಡೆ ಬೇಕಿತ್ತು, ಅಷ್ಟೇ. ಹುಡುಗಿಯರು ತಲೆ ತಗ್ಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆ ಚಪ್ಪಾಳೆ ನೆನಪಾದರೆ ಈಗಲೂ ಕೈ ಎಲ್ಲಿ ಮುಚ್ಚಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಆಗಸ್ಟಿನಲ್ಲಿ ಚಿಕ್ಕಮ್ಮ ಫೋನ್ ಮಾಡಿದಳು. “ಒಂದು ಹುಡುಗಿಯೂ ಒಳಗೆ ಹೋಗ್ತಿಲ್ಲೆ ತಮ್ಮಾ. ಬಾಗ್ಲು ತೆಗದ್ರೆ ಮೈದಾನಕ್ಕೆಲ್ಲ ಕಾಣ್ತು. ಕಟ್ಟಕಾದ್ರೆ ಯಂಗೆ ಹೊಳದ್ದೇ ಇಲ್ಲೆ. ನಿಂಗೆ ಇಂಥದ್ದೆಲ್ಲ ಎಲ್ಲಿ ಗೊತ್ತಿರ್ತು, ಪಾಪ.”

ಆ ‘ಪಾಪ’ವನ್ನು ತಡೆಯಲಾಗಲಿಲ್ಲ. ಹದಿಮೂರು ವರ್ಷ ನಾನು ಬರೆದ ನಕ್ಷೆಗಳೆಲ್ಲ ಯಾವುದರವು ಎಂದು ಹೇಳಿದೆ.

“ನೀ ಅಂದೇ ಹೇಳ್ಲಾಗಿತ್ತಲಾ” ಎಂದಳು. ಬೈಯಲಿಲ್ಲ.

ದಸರಾ ರಜೆಯಲ್ಲಿ ಮುಂದಿನ ಬಾಗಿಲು ಮುಚ್ಚಿಸಿ, ಹಿಂಬದಿಗೆ ಹೊಸ ಬಾಗಿಲು ತೆಗೆಸಿ, ಅದಕ್ಕೊಂದು ಅಡ್ಡಗೋಡೆ ಎಬ್ಬಿಸಿದೆ. ಉದ್ಘಾಟಕನೆಂದು ನನ್ನ ಹೆಸರು ಕೆತ್ತಿಸಿದ್ದ ಗ್ರಾನೈಟ್ ಕಲ್ಲು ಮಾತ್ರ ಮುಚ್ಚಿದ ಬಾಗಿಲಿನ ಪಕ್ಕದಲ್ಲೇ ಇದೆ. ತೆಗೆಸು ಎಂದರೆ ಚಿಕ್ಕಮ್ಮ ಒಪ್ಪುವುದಿಲ್ಲ.

ಕಲಿತ ಕೆಲಸದಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ ಎಂದು ಈ ವೃತ್ತಿ ನನಗೆ ತಡವಾಗಿ ಕಲಿಸಿತು. ಈಗ ಯಾರು ಕೇಳಿದರೂ ಶೌಚಾಲಯ ಎಂದೇ ಹೇಳುತ್ತೇನೆ. ಆದರೆ ನಾನು ಅಂದು ಬಾಯಿ ಬಿಡದ್ದಕ್ಕೆ, ದಸರಾವರೆಗಿನ ಆ ನಾಲ್ಕು ತಿಂಗಳು ಆ ಹುಡುಗಿಯರು ಬಾಯಾರಿಕೊಂಡೇ ಪಾಠ ಕೇಳಿದರು.