ಖಾಲಾ ಆರಿಸಿದ ಹೊಗೆ

ನಮ್ಮದೇ ರಾಜಧಾನಿಯಲ್ಲಿ ನನ್ನ ಕನ್ನಡ ನಡೆಯಲಿಕ್ಕಿಲ್ಲವೆಂದು ಬೀದರ್ ಬಿಡುವಾಗ ಎಣಿಸಿರಲಿಲ್ಲ. ಹಲಸೂರಿನಲ್ಲಿ ಬಾಡಿಗೆ ಕೋಣೆ ಕೇಳಿದರೆ ತಮಿಳಿನಲ್ಲಿ ಉತ್ತರ ಬಂತು. ಕೊನೆಗೆ ಶಿವಾಜಿನಗರದಲ್ಲಿ ಕೈಹಿಡಿದದ್ದು ಬೀದರಿನ ಓಣಿಯಲ್ಲಿ ಕಲಿತಿದ್ದ ದಖನಿ ಉರ್ದು. ಮನೆಯೊಡತಿ ಷಹನಾಜ್ ಬೇಗಂ ನನ್ನ ಮಾತಿಗೆ ನಕ್ಕು ಮಹಡಿಯ ಕೋಣೆ ತೆರೆದರು. ಅವರನ್ನು ಖಾಲಾ ಎಂದು ಕರೆದೆ, ನಮ್ಮಲ್ಲಿ ಚಿಕ್ಕಮ್ಮ ಎನ್ನುವ ಹಾಗೆ.

ಊರಲ್ಲಿ ಅಂಗಳಕ್ಕೆ ಬಂದರೆ ಆಕಾಶ. ಇಲ್ಲಿ ಆಕಾಶಕ್ಕಾಗಿ ಜೀಪು ಹತ್ತಿ ದೂರದ ಬೆಟ್ಟಕ್ಕೆ ಹೋಗಬೇಕು. ಧೂಮಕೇತುವಿನ ಧೂಳು ಸೂಸುವ ಕಾವನ್ನು ಅತಿಗೆಂಪು ಕಿರಣಗಳಲ್ಲಿ ಅಳೆಯುವುದು ನನ್ನ ಕೆಲಸ. ದ್ರವ ಸಾರಜನಕ ಸುರಿದು ಉಪಕರಣವನ್ನು ತಣ್ಣಗಿಡಬೇಕು. ಇಲ್ಲದಿದ್ದರೆ ಅದಕ್ಕೆ ತನ್ನ ಕಾವೇ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಆ ವರ್ಷದ ಧೂಮಕೇತು ಆಗಲೇ ಮಸುಕಾಗುತ್ತಿತ್ತು. ಹಿಂದೆ ಬೆಟ್ಟಕ್ಕೆ ಹೋದಾಗೆಲ್ಲ ಮೋಡ ನೋಡಿಕೊಂಡು ಬಂದಿದ್ದೆ. ಈ ಸಲವೂ ಬರಿಗೈಯಾದರೆ ಫೆಲೋಶಿಪ್ ಮುಂದುವರಿಯುವುದಿಲ್ಲ ಎಂದು ಗೈಡ್ ಹೇಳಿಬಿಟ್ಟಿದ್ದರು.

ಶನಿವಾರ ಕೆ.ಆರ್. ಪುರದಾಚೆಯ ಗ್ಯಾಸ್ ಗೋದಾಮಿನಲ್ಲಿ ಕ್ಯಾನಿಗೆ ಸಾರಜನಕ ತುಂಬಿಸಿಕೊಂಡೆ. ಕ್ಯಾನಿನ ಬಾಯಿಂದ ಬಿಳಿ ಹೊಗೆ ಸೋರುವುದನ್ನು ಕಂಡು ಆಟೋದವರು ದೂರ ಸರಿದರು. ಒಬ್ಬ ಮಾತ್ರ, "ಸಿಡಿಯಲ್ಲ ತಾನೇ ಗುರು?" ಎಂದು ಕೇಳಿ ಹತ್ತಿಸಿಕೊಂಡ. ಬೆಟ್ಟಕ್ಕೆ ಹೋಗುವ ಜೀಪು ಸಂಜೆ ಮನೆಯ ಹತ್ತಿರವೇ ಬರುವುದಿತ್ತು. ಕ್ಯಾನನ್ನು ಕೋಣೆಯಲ್ಲಿಟ್ಟು, ಕಿಟಕಿ ತೆರೆದು, ಅವ್ವನಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋದೆ.

ಹಿಂತಿರುಗಿದರೆ ಖಾಲಾ ಬರಿದಾದ ಬಕೆಟ್ ಹಿಡಿದು ನಿಂತಿದ್ದರು. ಕೋಣೆಯ ತುಂಬ ಮಂಜು, ನೆಲದ ತುಂಬ ನೀರು.

"ಧುವಾ ಬರ್ತಿತ್ತು ಬೇಟಾ. ಬೆಂಕಿ ಅಂದ್ಕೊಂಡೆ. ನೀನು ಒಳಗೆ ಮಲಗಿದೀಯೇನೋ ಅಂತ ಓಡಿ ಬಂದೆ. ಪೂರಾ ಆರಿಸ್ಬಿಟ್ಟೆ."

ನೀರು ಬಿದ್ದು ಸಾರಜನಕವೆಲ್ಲ ಕುದಿದು ಹಾರಿಹೋಗಿತ್ತು. ಗೋದಾಮು ಮುಚ್ಚಿತ್ತು, ಮರುದಿನ ಭಾನುವಾರ. ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟೆ.

ಆದರೂ ಬೆಟ್ಟಕ್ಕೆ ಹೋದೆ. ಅಂದು ಒಂದು ಮೋಡವೂ ಇರಲಿಲ್ಲ. ಧೂಮಕೇತು ನನ್ನ ಕಣ್ಣಿಗೆ ಕಂಡಿತು, ಉಪಕರಣಕ್ಕೆ ಕಾಣಲಿಲ್ಲ. ಮುಂದೆ ಮಳೆಮೋಡ ಕವಿದು ಆ ಅವಕಾಶವೂ ಮುಗಿಯಿತು.

ಫೆಲೋಶಿಪ್ ನಿಂತಿತು. "ಬಂದ್ಬಿಡಪ್ಪ ಮನಿಗಿ," ಎಂದಳು ಅವ್ವ. ಬೀದರಿನಲ್ಲಿ ಅವ್ವನಿದ್ದಾಳೆ, ನಾನು ಕಲಿತದ್ದಕ್ಕೆ ಅಲ್ಲಿ ಕೆಲಸವಿಲ್ಲ. ಇಲ್ಲಿ ಈಗ ಯಾವ ಕೆಲಸವೂ ಇಲ್ಲ. ಗಂಟು ಕಟ್ಟಿ ಹೊರಬಂದೆ. ಅಂಗಳದಲ್ಲಿ ಆ ಕ್ಯಾನು ಬೋರಲು ಬಿದ್ದಿತ್ತು. ಖಾಲಾ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟಿದ್ದರು.

"ಆ ತಾರಾ ಮತ್ತೆ ಯಾವಾಗ ಬರುತ್ತೆ?" ಎಂದು ಕೇಳಿದರು. "ಅಲ್ಲೀವರ್ಗೂ ಈ ರೂಮು ಯಾರಿಗೂ ಕೊಡಲ್ಲ."

ಆ ಧೂಮಕೇತು ಮರಳುವುದು ಸಾವಿರಾರು ವರ್ಷಗಳ ಮೇಲೆ.

"ಲೇಟಾಗುತ್ತೆ ಖಾಲಾ," ಎಂದೆ.

"ಆಗ್ಲಿ ಬಿಡು," ಎಂದು ಅವರು ಕೋಣೆಗೆ ಬೀಗ ಹಾಕಿದರು.