ಕೊನೆಗೆ ಎದ್ದ ಕೈ

ಗಲ್ಫಿನ ಘಾಲಾದ ಗ್ಯಾರೇಜಿನಲ್ಲಿ ನಮ್ಮ ಕಾರಿನ ಬೆಲ್ಟ್ ಬದಲಾಯಿಸುತ್ತಿದ್ದ ಇದ್ರಿಸ್ ಅರ್ಧಕ್ಕೇ ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಆಯಿಲ್ ಡಬ್ಬಕ್ಕೆ ಫೋನ್ ಒರಗಿಸಿ ಕೂತ. ಪರದೆ ತುಂಬ ಅವನ ಊರಿನವರ ಮುಖಗಳು.

"ಅವನ ದೇಶದಲ್ಲಿ ಇರುವುದೇ ಒಂದು ಪಾರ್ಟಿ ಮಾರಾಯ್ರೆ," ಎಂದರು ಗ್ಯಾರೇಜಿನ ಮಾಲೀಕ, ಪುತ್ತೂರಿನ ಜಗ್ಗಣ್ಣ. "ಇವತ್ತು ಅಧ್ಯಕ್ಷರ ಆಯ್ಕೆ. ಪಾರ್ಟಿ ಪತ್ರ ಕೊಡದಿದ್ರೆ ಇವನ ಪಾಸ್‌ಪೋರ್ಟ್ ರಿನ್ಯೂ ಆಗುದಿಲ್ಲ. ಅದು ಮುಂದಿನ ತಿಂಗಳೇ ಉಂಟು."

ಸರ್ವಾಧಿಕಾರಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವವನು ನಾನು, ಬಗ್ಗಿ ನೋಡಿಯೇಬಿಟ್ಟೆ. ಯಾರೋ ನಾಯಕನ ಹೆಸರು ಕೂಗಿದರು. ಎಲ್ಲರ ಕೈಗಳೂ ಒಟ್ಟಿಗೆ ಎದ್ದವು, ಇದ್ರಿಸನದೂ. ಮೂಲೆಯ ಚೌಕದಲ್ಲಿದ್ದ ಒಬ್ಬ ಮುದುಕರ ಕೈ ಮಾತ್ರ ತಡವಾಗಿ, ನಡುಗುತ್ತ ಎದ್ದಿತು.

ಸಭೆ ಮುಗಿದರೂ ಇದ್ರಿಸ್ ಫೋನ್ ಬಿಡಲಿಲ್ಲ. "ಇನ್ನೇನಿದೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಎಲ್ಲರಿಗಿಂತ ಕೊನೆಗೆ ಕೈ ಎತ್ತಿದ್ದು ಯಾರು ಅಂತ ಪ್ರತಿಯೊಬ್ಬನೂ ಪಾರ್ಟಿಗೆ ಒಂದು ಹೆಸರು ಕಳಿಸಬೇಕು. ಖಾಲಿ ಬಿಡೋ ಹಾಗಿಲ್ಲ."

ವಿರೋಧಿಗಳ ಹಿಂದೆ ಗೂಢಚಾರರನ್ನು ಬಿಡುತ್ತಾರೆಂದು ಓದಿದ್ದೆ. ಸ್ವಂತ ಪಾರ್ಟಿಯವರನ್ನೇ ಒಬ್ಬರ ಮೇಲೊಬ್ಬರು ಕಾವಲಿಗೆ ಕೂರಿಸುವುದು ಗೊತ್ತಿರಲಿಲ್ಲ.

"ಆ ಮುದುಕರೇ ಅಲ್ವಾ?" ಬಾಯಿಂದ ಬಂದೇಹೋಯಿತು.

ಇದ್ರಿಸ್ ನನ್ನನ್ನೇ ನೋಡಿದ. "ನನಗೆ ಅಕ್ಷರ ಕಲಿಸಿದ ಮೇಷ್ಟ್ರು ಅವರು. ಭುಜ ಸರಿಯಿಲ್ಲ."

ಫೋನ್ ಎರಡು ಸಲ ಟಣ್ ಎಂದಿತು. ಅವನು ಏನೋ ಟೈಪ್ ಮಾಡಿ ಕಳಿಸಿದ.

"ಯಾರ ಹೆಸರು ಹಾಕಿದೆ?" ಎಂದರು ಜಗ್ಗಣ್ಣ.

"ನನ್ನದೇ."

"ಎಂತ ಮಾಡಿದಿ ಮಾರಾಯ! ಪಾಸ್‌ಪೋರ್ಟ್ ಖಲಾಸ್!"

ಇದ್ರಿಸ್ ಆಗಲೇ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ನನ್ನ ಕಡೆಗೆ ಕೈ ಚಾಚಿ, "ಆ ಸ್ಪ್ಯಾನರ್ ಕೊಡಿ," ಎಂದ.