ಔಡಲೆಣ್ಣೆ ಹಚ್ಚಬೇಕಿದ್ದ ಗಾಲಿ

ಮನಗೂಳಿಯ ಫಕೀರಸಾಬ ಹಿಡಿದ ಮೊಲಕ್ಕೆ ಮೂರೇ ಕಾಲು. ಹದಿನಾರು ವರ್ಷ ವಿಜಾಪುರದ ವಕೀಲರೊಬ್ಬರ ಕಾರು ಓಡಿಸಿ, ಅವರು ಹೊಸದು ಕೊಂಡಾಗ ಹಳೆಯದನ್ನು ಬಕ್ಷೀಸಾಗಿ ಪಡೆದು ಊರಿಗೆ ತಂದವನು. ಅಂದಿನಿಂದ ಅದಕ್ಕೆ ಬೇರೆಯವರ ಕೈ ಸೋಕಗೊಟ್ಟಿಲ್ಲ. ನಟ್ಟು ಬಿಚ್ಚುವವನೂ ಅವನೇ, ಬಿಗಿಯುವವನೂ ಅವನೇ, ಆಮೇಲೆ ಹೊಗಳಿಕೊಳ್ಳುವವನೂ ಅವನೇ.

೧೯೫೯ರ ಚಳಿಗಾಲದ ಒಂದು ಮುಂಜಾನೆ ಆ ಹೊಗಳಿಕೆ ಬಾಯಲ್ಲೇ ಉಳಿಯಿತು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಸಗೀರಾಳ ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿತ್ತು. ನೋವು ಶುರುವಾದ ಕೂಡಲೇ ಕರೆತನ್ನಿ ಎಂದು ವಿಜಾಪುರದ ಡಾಕ್ಟರಮ್ಮ ಹೇಳಿದ್ದರು. ಹನ್ನೆರಡು ಮೈಲಿ ದಾರಿ. ಎಲ್ಲ ಸರಿಯಿದೆಯೋ ನೋಡೋಣವೆಂದು ಕಾರು ಚಾಲೂ ಮಾಡಿದರೆ ಮುಂದಿನ ಎಡಗಾಲಿ ಕಚ್ಚಿಕೊಂಡು ನಿಂತಿತ್ತು.

ಗಾಲಿ ಕಳಚಿ ಡ್ರಮ್ಮು ತೆಗೆದ. ಬ್ರೇಕ್ ಒತ್ತಿದಾಗ ಹೊರಗೆ ಸರಿದು, ಕಾಲೆತ್ತಿದಾಗ ಒಳಗೆ ಹೋಗಬೇಕಾದ ಪುಟ್ಟ ಪಿಸ್ಟನ್ನು ಹೊರಗೇ ಸಿಕ್ಕಿಬಿದ್ದಿತ್ತು. ಬಡಿದರೂ ಜಗ್ಗದು, ತಿರುವಿದರೂ ಅಲುಗದು. ಫಕೀರಸಾಬ ಹಾದಿಯ ಧೂಳನ್ನು ಬೈದ, ಕಬ್ಬಿಣವನ್ನು ಬೈದ, ಬೈಯಲು ಇನ್ಯಾರೂ ಉಳಿಯದೆ ಬೆವರು ಒರೆಸಿಕೊಂಡ.

ಬಾವಿಯ ನೀರೆತ್ತುವ ತೊಗಲಿನ ಚೀಲ, ಅಂದರೆ ಮೊಟ್ಟೆ, ಹೊಲಿದುಕೊಡುವ ನೆರೆಮನೆಯ ಸೋಮನಿಂಗ ಬಂದು ಬಗ್ಗಿ ನೋಡಿದ. ಪಿಸ್ಟನ್ನಿನ ಅಂಚಿನ ಹಳದಿ ಅಂಟನ್ನು ಉಗುರಿನಿಂದ ಕೆರೆದು ಮೂಸಿದ.

"ಇದು ಕುಸಬಿ ಎಣ್ಣಿ, ಫಕೀರಣ್ಣ. ನೀರು ಸೋರಬಾರದಂತ ನಾವು ಮೊಟ್ಟಿಗೆ ಕಾಸಿ ಹಚ್ಚತೇವಿ. ಒಣಗಿದ್ರ ಅರಗಿನಂಗ ಹಿಡೀತೈತಿ. ಇದರಾಗ ಯಾರು ಹಚ್ಚಿದ್ರು?"

ಫಕೀರಸಾಬ ಒಳಬಾಗಿಲ ಕಡೆ ನೋಡಿದ. ಪಿಸ್ಟನ್ನಿಗೆ ಔಡಲೆಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ, ಹಚ್ಚು ಎಂದು ವಿಜಾಪುರದ ಗ್ಯಾರೇಜಿನ ಮೇಸ್ತ್ರಿ ಸಾರಿ ಹೇಳಿದ್ದ. ಎಣ್ಣೆ ಎಣ್ಣೆಯೇ ಎಂದು ನಕ್ಕು, ಹೋದ ವರ್ಷ ಅಡುಗೆಮನೆಯ ಕುಸಬಿ ಎಣ್ಣೆಯಲ್ಲೇ ಕೈ ಅದ್ದಿದವನು ತಾನು. ಮಾಡಿದ್ದುಣ್ಣೋ ಮಹಾರಾಯ.

"ಮೆಲ್ಲಗ ಮಾತಾಡೋ," ಅಂದ, "ಹುಡುಗಿ ಒಳಗೈತಿ. ಕೇಳಿದ್ರ ಹೆದರ್ತೈತಿ."

ಮೊಟ್ಟೆಯ ಅಂಟು ಬಿಡಿಸುವ ಬಗೆಯನ್ನೇ ಸೋಮನಿಂಗ ಇಲ್ಲಿಗೂ ಹಚ್ಚಿದ. ಸೋಡಾ ಹಾಕಿದ ಕುದಿನೀರನ್ನು ಹನಿಹನಿಯಾಗಿ ಸುರಿಯುತ್ತ, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಇಬ್ಬರೂ ಕೂತರು. ಪ್ರತಿ ಏಟಿಗೂ ಫಕೀರಸಾಬನ ಕಿವಿ ಮಾತ್ರ ಒಳಮನೆಯ ಕಡೆಗಿತ್ತು. ಹೊತ್ತು ನೆತ್ತಿಗೇರಿದಾಗ ಪಿಸ್ಟನ್ನು ಕೂದಲಷ್ಟು ಸರಿಯಿತು, ಆಮೇಲೆ ಬೆರಳಷ್ಟು, ಆಮೇಲೆ ಕೈಗೇ ಬಂತು.

ಹೆಂಡತಿ ರಾಜಬಿ ಕೂಸಿನ ನೆತ್ತಿಗೆಂದು ತೆಗೆದಿಟ್ಟಿದ್ದ ಔಡಲೆಣ್ಣೆಯ ಬಾಟಲಿ ತಂದು ಅವನ ಮುಂದಿಟ್ಟಳು.

"ಈ ಸಲ ಇದನ್ನs ಹಚ್ಚರಿ," ಅಂದಳು. ಹೋದ ವರ್ಷ ಅಡುಗೆಯ ಎಣ್ಣೆ ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಕಾರಿನೊಳಗೆ ಕೂತು, ಅವನು ಪಿಸ್ಟನ್ನು ಕೂಡಿಸಿ ಹೇಳಿದಾಗೆಲ್ಲ ಬ್ರೇಕ್ ಒತ್ತಿದಳು. ಬ್ರೇಕಿನ ಕೊಳವೆಯಲ್ಲಿ ಸೇರಿದ್ದ ಗಾಳಿಯೆಲ್ಲ ಹೋಗಿ ಬ್ರೇಕ್ ಗಟ್ಟಿಯಾಯಿತು.

ಗಾಲಿ ಬಿಗಿಯುವಾಗ ಸೋಮನಿಂಗ ಕೇಳಿದ, "ಬಲಗಾಲಿಗೂ ಆ ಕುಸಬಿ ಎಣ್ಣಿನs ಹಚ್ಚೀ ಏನು?"

ಫಕೀರಸಾಬ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಸಗೀರಾ ನರಳಿದ್ದು ಕೇಳಿಸಿತು. ಇನ್ನೊಂದು ಗಾಲಿ ಬಿಚ್ಚಲು ಹೊತ್ತಿರಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಹೋದರೆ ರಾತ್ರಿಯಾಗುತ್ತಿತ್ತು, ಬಸ್ಸು ಆಗಲೇ ಹೋಗಿತ್ತು.

ಹೊರಟರು. ಫಕೀರಸಾಬ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಸಿದ. ಒಂದೊಂದು ಮೈಲಿಗಲ್ಲಿಗೂ ಇಳಿದು ಬಲಗಾಲಿಯನ್ನು ಮುಟ್ಟಿ ನೋಡಿದ. ಏಳನೆಯ ಕಲ್ಲಿನಲ್ಲಿ ಬೆಚ್ಚಗಿತ್ತು, ಒಂಬತ್ತನೆಯದರಲ್ಲಿ ಬೆರಳು ಚುರ್ರೆಂದಿತು. ಕಾರಿನಲ್ಲಿಟ್ಟು ತಂದಿದ್ದ ಕೊಡದ ನೀರು ಸುರಿದು, ಬ್ರೇಕ್ ಮುಟ್ಟದೆ ಗೇರಿನ ಮೇಲೆಯೇ ನಿಧಾನಿಸುತ್ತ ಆಸ್ಪತ್ರೆಯ ಗೇಟು ಮುಟ್ಟಿಸಿದ. ಅಲ್ಲಿ ನಿಂತ ಗಾಲಿ ಮತ್ತೆ ಅಲುಗಲಿಲ್ಲ.

ಡಾಕ್ಟರಮ್ಮ ಕೂಸನ್ನು ತಿರುವಿದರು. ಸಂಜೆಗೆ ಹೆಣ್ಣು ಹುಟ್ಟಿತು, ತಾಯಿ ಮಗಳು ಇಬ್ಬರೂ ಉಳಿದರು. ಫಕೀರಸಾಬ ಮಂಚದ ಬಳಿ ನಿಂತು, ತಲೆ ತಗ್ಗಿಸಿ ಹೇಳಿದ.

"ಎಣ್ಣಿ ತಪ್ಪು ಹಚ್ಚಿದಾಂವ ನಾನs ಅದೇನಿ, ಸಗೀರಾ. ಬಲಗಾಲಿ ಬಿಚ್ಚದs ನಿನ್ನ ಕರಕೊಂಡು ಬಂದೆ."

"ಗೊತ್ತೈತಪ್ಪಾ. ಕಿಡಕ್ಯಾಗ ಎಲ್ಲಾ ಕೇಳಸ್ತು."

"ಮತ್ತ ಗಾಡ್ಯಾಗ ಯಾಕ ಕುಂತಿ?"

"ಎಂದೂ ಹೆದರದಾಂವ ಇವತ್ತ ನೀ ಹೆದರಿದ್ದಿ," ಅಂದಳು ಸಗೀರಾ. "ಹೆದರಿದಾಂವ ಜ್ವಾಕಿಲೇ ಓಡಸ್ತಾನ, ಅದಕ್ಕs ಕುಂತ್ನಿ."

ರಾಜಬಿ ಜೊತೆಗೆ ತಂದಿದ್ದ ಬಾಟಲಿಯಲ್ಲಿ ಒಂದು ಬೆರಳಷ್ಟು ಔಡಲೆಣ್ಣೆ ಉಳಿದಿತ್ತು. ಸುಟ್ಟ ಬೆರಳನ್ನು ಮಡಚಿಕೊಂಡು, ಉಳಿದ ಬೆರಳುಗಳಿಂದ ಮೊಮ್ಮಗಳ ನೆತ್ತಿಗೆ ಅದನ್ನು ಹಚ್ಚುವಾಗ ಫಕೀರಸಾಬನಿಗೆ ಅಳು ಬಂತು.